ಲೋಕಸಭೆಯಲ್ಲಿ ಒಂದು ದಿನ: 371(ಜೆ) ವಿಧಿಯ ಹಿಂದಿನ ಲೆಕ್ಕ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ – ಈ ನಾಲ್ಕು ಊರುಗಳ ಯಾವುದಾದರೊಂದು ಪದವಿಪೂರ್ವ ಕಾಲೇಜಿಗೆ ಬೇಸಿಗೆಯ ಕೊನೆಯಲ್ಲಿ ಹೋಗಿ ನೋಡಿ. ದ್ವಿತೀಯ ಪಿಯುಸಿ ಮುಗಿಸಿದ ವಿದ್ಯಾರ್ಥಿಗಳು ವೃತ್ತಿಶಿಕ್ಷಣದ ಪ್ರವೇಶಕ್ಕೆ ದಾಖಲೆಗಳನ್ನು ಹೊಂದಿಸಿಕೊಳ್ಳುವ ಗಡಿಬಿಡಿಯಲ್ಲಿರುತ್ತಾರೆ. ಅವರು ಒಬ್ಬರನ್ನೊಬ್ಬರು ಕೇಳುವ ಮೊದಲ ಪ್ರಶ್ನೆ ಅಂಕಗಳದ್ದಲ್ಲ, "ನಿಂದು ತ್ರೀ ಸೆವೆಂಟಿ ಒನ್ ಜೆ ಸರ್ಟಿಫಿಕೇಟ್ ಆತೇನು?" ಎಂಬುದು. ಹಾಗೆಂದರೇನು ಎಂದು ನೀವು ಅವರನ್ನು ಕೇಳಿದರೆ, "ಅದಿದ್ರ ಸೀಟ್ ಸಿಗತೈತ್ರಿ ಸರ್" ಎಂಬ ಉತ್ತರ ಬರುತ್ತದೆ. ಉತ್ತರ ತಪ್ಪೇನೂ ಅಲ್ಲ. ಆದರೆ ಆ ಸೀಟಿನ ಹಿಂದೆ ಸಂವಿಧಾನದ ಒಂದು ವಿಧಿ ಇದೆ, ಆ ವಿಧಿಯ ಹಿಂದೆ ದೆಹಲಿಯ ಲೋಕಸಭೆಯಲ್ಲಿ ನಡೆದ ಒಂದು ದಿನದ ಚರ್ಚೆ ಮತ್ತು ಮತದಾನ ಇದೆ, ಆ ಮತದಾನದ ಹಿಂದೆ ಒಂದು ಅಚ್ಚುಕಟ್ಟಾದ ಲೆಕ್ಕ ಇದೆ ಎಂಬುದು ಅವರಲ್ಲಿ ಹೆಚ್ಚಿನವರಿಗೆ ತಿಳಿದಿಲ್ಲ.

ಭೌತಶಾಸ್ತ್ರದ ಮೇಷ್ಟ್ರಿಗೆ ಸಂಸತ್ತಿನ ಉಸಾಬರಿ ಏಕೆ ಎಂದು ನೀವು ಕೇಳಬಹುದು. ಅಳೆಯುವುದು, ಎಣಿಸುವುದು, ದೋಷ ತಿದ್ದುವುದು – ಪ್ರಯೋಗಾಲಯದಲ್ಲಿ ನಾವು ದಿನವೂ ಮಾಡುವ ಈ ಮೂರು ಕೆಲಸಗಳು ಕಾನೂನು ರಚನೆಯಲ್ಲೂ ನಡೆಯುತ್ತವೆ. ಆ ದಿನದ ಕಥೆಯನ್ನು ಈ ದೃಷ್ಟಿಯಿಂದ ಒಮ್ಮೆ ನೋಡೋಣ.

ಮೂರು ಹೋಳಾದ ರಾಜ್ಯ

ಈ ನಾಲ್ಕು ತಾಲ್ಲೂಕುಗಳು ಹಿಂದೆ ಹೈದರಾಬಾದ್ ಸಂಸ್ಥಾನದ ಭಾಗವಾಗಿದ್ದವು. ದೇಶಕ್ಕೆ 1947ರ ಆಗಸ್ಟ್ 15ರಂದು ಸ್ವಾತಂತ್ರ್ಯ ಬಂದರೂ ಇಲ್ಲಿಯ ಜನ ಇನ್ನೂ ಒಂದು ವರ್ಷ ಕಾಯಬೇಕಾಯಿತು. ನಿಜಾಮರ ಆಳ್ವಿಕೆ ಕೊನೆಗೊಂಡದ್ದು 1948ರ ಸೆಪ್ಟೆಂಬರ್ 17ರಂದು. 1952ರ ಮೊದಲ ಲೋಕಸಭೆಯಲ್ಲಿ ಈ ಭಾಗದ ಕ್ಷೇತ್ರದ ಹೆಸರು ಕೊಪ್ಪಳ ಎಂದಿರಲಿಲ್ಲ, ಕುಷ್ಟಗಿ ಎಂದಿತ್ತು. ಅದು ಹೈದರಾಬಾದ್ ರಾಜ್ಯದ ಕ್ಷೇತ್ರ. ಅಲ್ಲಿಂದ ಆರಿಸಿ ಹೋದವರು ಅಳವಂಡಿಯ ಶಿವಮೂರ್ತಿ ಸ್ವಾಮಿ.

1956ರ ರಾಜ್ಯ ಪುನರ್ವಿಂಗಡಣಾ ವಿಧೇಯಕ ಸಂಸತ್ತಿನಲ್ಲಿ ಅಂಗೀಕಾರವಾಗಿ, ಅದೇ ವರ್ಷ ಆಗಸ್ಟ್ 31ರಂದು ರಾಷ್ಟ್ರಪತಿಗಳ ಅಂಕಿತ ಪಡೆಯಿತು. ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಮೂರು ಹೋಳಾಯಿತು. ತೆಲುಗು ಭಾಗ ಆಂಧ್ರಪ್ರದೇಶಕ್ಕೆ, ಮರಾಠಿ ಭಾಗ ಮುಂಬಯಿ ರಾಜ್ಯಕ್ಕೆ, ಕನ್ನಡ ಭಾಗ ವಿಶಾಲ ಮೈಸೂರು ರಾಜ್ಯಕ್ಕೆ ಸೇರಿದವು. ಆಲಂಪುರ ಮತ್ತು ಗದ್ವಾಲ ತಾಲ್ಲೂಕುಗಳನ್ನು ಬಿಟ್ಟು ರಾಯಚೂರು ಜಿಲ್ಲೆ ಮೈಸೂರಿಗೆ ಬಂದಿತು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಆಗ ರಾಯಚೂರು ಜಿಲ್ಲೆಯಲ್ಲೇ ಇದ್ದವು. ಇವು ನಾಲ್ಕೂ ಸೇರಿ ಕೊಪ್ಪಳ ಜಿಲ್ಲೆಯಾದದ್ದು 1997ರಲ್ಲಿ. ಇಂದು ಕುಕನೂರು, ಕಾರಟಗಿ, ಕನಕಗಿರಿಗಳೂ ಪ್ರತ್ಯೇಕ ತಾಲ್ಲೂಕುಗಳಾಗಿ ಜಿಲ್ಲೆಯಲ್ಲಿ ಏಳು ತಾಲ್ಲೂಕುಗಳಿವೆ.

ಈ ಮೂರು ಹೋಳುಗಳ ಮುಂದಿನ ಕಥೆ ಒಂದೇ ತೆರನಾಗಿರಲಿಲ್ಲ. ತೆಲಂಗಾಣ ಮತ್ತು ಮರಾಠವಾಡಗಳ ಹಿತರಕ್ಷಣೆಗೆ ಸಂವಿಧಾನದ 371ನೆಯ ವಿಧಿಯಲ್ಲಿ ವಿಶೇಷ ಅವಕಾಶ ದೊರೆಯಿತು. 1973ರ 32ನೆಯ ತಿದ್ದುಪಡಿ ಆಂಧ್ರಪ್ರದೇಶಕ್ಕೆ 371(ಡಿ) ವಿಧಿಯನ್ನು ಕೊಟ್ಟಿತು. ಅದರ ಮೂಲಕ ಶಿಕ್ಷಣ ಮತ್ತು ಉದ್ಯೋಗದಲ್ಲಿ ಸ್ಥಳೀಯರಿಗೆ ಪಾಲು ನಿಗದಿಯಾಯಿತು. ಒಂದೇ ಸಂಸ್ಥಾನದಿಂದ ಹೊರಬಂದ ಮೂರು ಭಾಗಗಳಲ್ಲಿ ಕನ್ನಡ ಭಾಗಕ್ಕೆ ಮಾತ್ರ ಅಂಥದ್ದೇನೂ ಇರಲಿಲ್ಲ. "ಅವರಿಗೆ ಉಂಟು, ನಮಗೇಕಿಲ್ಲ?" ಎಂಬ ಪ್ರಶ್ನೆ ಹುಟ್ಟಿದ್ದು ಇಲ್ಲಿ. ಈ ಪ್ರಶ್ನೆಯನ್ನು ಹಿಡಿದು ದಶಕಗಳ ಕಾಲ ಹೋರಾಟ ನಡೆಸಿದವರಲ್ಲಿ ವೈಜನಾಥ ಪಾಟೀಲರ ಹೆಸರು ಮುಖ್ಯವಾದುದು.

ಮೊದಲು ಅಳತೆ

ಹಿಂದುಳಿದಿದ್ದೇವೆ ಎಂದು ಹೇಳುವುದು ಸುಲಭ. ಎಷ್ಟು ಹಿಂದುಳಿದಿದ್ದೇವೆ ಎಂದು ಹೇಳಬೇಕಾದರೆ ಮಾಪನ ಬೇಕು. ಕರ್ನಾಟಕದಲ್ಲಿ ಆ ಕೆಲಸವನ್ನು ವ್ಯವಸ್ಥಿತವಾಗಿ ಮಾಡಿದ್ದು ಅರ್ಥಶಾಸ್ತ್ರಜ್ಞ ಡಾ. ಡಿ. ಎಂ. ನಂಜುಂಡಪ್ಪನವರ ಅಧ್ಯಕ್ಷತೆಯ ಉನ್ನತಾಧಿಕಾರ ಸಮಿತಿ. ಅದು ತನ್ನ ವರದಿಯನ್ನು 2002ರಲ್ಲಿ ಸಲ್ಲಿಸಿತು.

ಸಮಿತಿಯ ವಿಧಾನವನ್ನು ವಿಜ್ಞಾನದ ವಿದ್ಯಾರ್ಥಿಗಳು ಗಮನಿಸಬೇಕು. ಕೃಷಿ, ಕೈಗಾರಿಕೆ, ಮೂಲಸೌಕರ್ಯ, ಆರೋಗ್ಯ, ಶಿಕ್ಷಣ ಮೊದಲಾದ ಕ್ಷೇತ್ರಗಳಿಂದ 35 ಸೂಚಕಗಳನ್ನು ಆರಿಸಿಕೊಂಡು, ಪ್ರತಿ ತಾಲ್ಲೂಕಿಗೂ ಒಂದು ಸಮಗ್ರ ಸೂಚ್ಯಂಕವನ್ನು ಲೆಕ್ಕ ಹಾಕಲಾಯಿತು. ರಾಜ್ಯದ ಸರಾಸರಿ ಮಟ್ಟವೇ 1. ತಾಲ್ಲೂಕಿನ ಬೆಲೆ 1ಕ್ಕಿಂತ ಕಡಿಮೆ ಇದ್ದರೆ ಅದು ಹಿಂದುಳಿದ ತಾಲ್ಲೂಕು. ನಾವು ನೀರಿನ ಸಾಂದ್ರತೆಯನ್ನು 1 ಎಂದಿಟ್ಟುಕೊಂಡು ಇತರ ವಸ್ತುಗಳ ಸಾಪೇಕ್ಷ ಸಾಂದ್ರತೆಯನ್ನು ಹೇಳುತ್ತೇವಲ್ಲ, ಇದೂ ಹಾಗೆಯೇ.

ಸಮಿತಿ ಜಿಲ್ಲೆಯನ್ನು ಬಿಟ್ಟು ತಾಲ್ಲೂಕನ್ನು ಮಾಪನದ ಘಟಕವಾಗಿ ಆರಿಸಿಕೊಂಡದ್ದರಲ್ಲಿ ಒಂದು ಪಾಠವಿದೆ. ಕೊಪ್ಪಳ ಜಿಲ್ಲೆಯನ್ನೇ ತೆಗೆದುಕೊಳ್ಳಿ. ತುಂಗಭದ್ರಾ ಜಲಾಶಯದ ಎಡದಂಡೆ ಕಾಲುವೆಯ ನೀರು ಹರಿಯುವ ಗಂಗಾವತಿ ಬತ್ತದ ಕಣಜ. ಅದೇ ಜಿಲ್ಲೆಯ ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳ ಬಹುಭಾಗ ಮಳೆಯನ್ನೇ ನಂಬಿದ ಒಣಭೂಮಿ. ಎರಡನ್ನೂ ಕೂಡಿಸಿ ಸರಾಸರಿ ತೆಗೆದರೆ ಗಂಗಾವತಿಯ ಹಸಿರು ಕುಷ್ಟಗಿಯ ಒಣಗನ್ನು ಮುಚ್ಚಿಬಿಡುತ್ತದೆ. ಅಳೆಯುವ ಘಟಕ ದೊಡ್ಡದಾದಷ್ಟೂ ವಿವರ ಮಸುಕಾಗುತ್ತದೆ. ಮಿಲಿಮೀಟರ್ ಅಳೆಯಬೇಕಾದ ಕಡೆ ಮೀಟರ್ ಪಟ್ಟಿ ಹಿಡಿದರೆ ಆಗುವುದೂ ಇದೇ ಅಲ್ಲವೇ?

ಫಲಿತಾಂಶ ಹೀಗಿತ್ತು. ಆಗಿನ 175 ತಾಲ್ಲೂಕುಗಳ ಪೈಕಿ 114 ತಾಲ್ಲೂಕುಗಳು ಸರಾಸರಿಗಿಂತ ಕೆಳಗಿದ್ದವು. ಅವುಗಳಲ್ಲಿ 35 ಹಿಂದುಳಿದವು, 40 ಅತಿ ಹಿಂದುಳಿದವು, 39 ಅತ್ಯಂತ ಹಿಂದುಳಿದವು. ಕೊನೆಯ ಗುಂಪಿನ 39ರಲ್ಲಿ 21 ತಾಲ್ಲೂಕುಗಳು ಗುಲ್ಬರ್ಗಾ (ಇಂದಿನ ಕಲಬುರಗಿ) ವಿಭಾಗಕ್ಕೆ ಸೇರಿದ್ದವು. ಕುಷ್ಟಗಿ ಮತ್ತು ಯಲಬುರ್ಗಾ ಆ ಪಟ್ಟಿಯಲ್ಲಿದ್ದವು.

ಜ್ವರವನ್ನು ಅಳೆದ ಮಾತ್ರಕ್ಕೆ ಅದು ಇಳಿಯುವುದಿಲ್ಲ. ಅಳತೆಯನ್ನು ಔಷಧಿಯಾಗಿ ಬದಲಿಸಲು ಕಾನೂನು ಬೇಕಿತ್ತು. 2010ರಲ್ಲಿ ಕರ್ನಾಟಕದ ವಿಧಾನಸಭೆ ಮತ್ತು ವಿಧಾನ ಪರಿಷತ್ತು ಈ ಭಾಗಕ್ಕೆ ವಿಶೇಷ ಅವಕಾಶ ಬೇಕೆಂದು ನಿರ್ಣಯ ಅಂಗೀಕರಿಸಿದವು. ಆದರೆ ಸಂವಿಧಾನವನ್ನು ತಿದ್ದುವ ಅಧಿಕಾರ ಇರುವುದು ಸಂಸತ್ತಿಗೆ ಮಾತ್ರ.

2012ರ ಡಿಸೆಂಬರ್ 18

ಸಂವಿಧಾನದ 118ನೆಯ ತಿದ್ದುಪಡಿ ವಿಧೇಯಕವನ್ನು ಆಗಿನ ಗೃಹ ಸಚಿವ ಸುಶೀಲ್‌ಕುಮಾರ್ ಶಿಂಧೆಯವರು 2012ರ ಸೆಪ್ಟೆಂಬರ್ 7ರಂದು ಲೋಕಸಭೆಯಲ್ಲಿ ಮಂಡಿಸಿದರು. ಗೃಹ ವ್ಯವಹಾರಗಳ ಸ್ಥಾಯಿ ಸಮಿತಿಯ ಪರಿಶೀಲನೆಯ ನಂತರ ಅದು ಚಳಿಗಾಲದ ಅಧಿವೇಶನದಲ್ಲಿ ಮತ್ತೆ ಸದನದ ಮುಂದೆ ಬಂದಿತು. ಡಿಸೆಂಬರ್ 18, ಮಂಗಳವಾರ ಅದರ ಮೇಲೆ ಚರ್ಚೆ ಮತ್ತು ಮತದಾನ ನಡೆದವು.

ಅದು ದೇಶದ ಮನಸ್ಸು ಕಲಕಿದ್ದ ದಿನ. ಎರಡು ದಿನಗಳ ಹಿಂದೆ, ಡಿಸೆಂಬರ್ 16ರ ರಾತ್ರಿ, ದೆಹಲಿಯ ಬಸ್ಸೊಂದರಲ್ಲಿ ವಿದ್ಯಾರ್ಥಿನಿಯೊಬ್ಬಳ ಮೇಲೆ ನಡೆದ ಘೋರ ಅತ್ಯಾಚಾರದ ಬಗ್ಗೆ ಉಭಯ ಸದನಗಳಲ್ಲೂ ಆಕ್ರೋಶ ವ್ಯಕ್ತವಾಯಿತು. ಸಂಸತ್ತಿನ ಒಂದು ದಿನ ಎಂದರೆ ಹಾಗೆಯೇ. ಇಡೀ ರಾಷ್ಟ್ರದ ನೋವು ಮತ್ತು ದೂರದ ಆರು ಜಿಲ್ಲೆಗಳ ಬೇಡಿಕೆ ಒಂದೇ ಸೂರಿನ ಕೆಳಗೆ, ಒಂದೇ ಕಾರ್ಯಕಲಾಪ ಪಟ್ಟಿಯಲ್ಲಿ ಸರದಿ ಕಾಯುತ್ತವೆ. ಸ್ಪೀಕರ್ ಆಗಿದ್ದವರು ಮೀರಾ ಕುಮಾರ್. ಗುಲ್ಬರ್ಗಾದ ಮಲ್ಲಿಕಾರ್ಜುನ ಖರ್ಗೆ, ಬೀದರ್‌ನ ಧರ್ಮಸಿಂಗ್, ಕೊಪ್ಪಳದ ಶಿವರಾಮಗೌಡ ಆ ಸದನದ ಸದಸ್ಯರಾಗಿದ್ದರು. ಅವರೆಲ್ಲ ಒಂದೇ ಪಕ್ಷದವರಲ್ಲ. ಆದರೆ ಈ ವಿಧೇಯಕಕ್ಕೆ ಪಕ್ಷಭೇದವಿಲ್ಲದೆ ಬೆಂಬಲವಿತ್ತು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಎಲ್ಲರೂ ಒಪ್ಪಿದ ಮೇಲೆ ಮತಗಳನ್ನು ಎಣಿಸುವುದೇಕೆ? "ಒಪ್ಪುವವರು ಹೌದು ಎನ್ನಿ" ಎಂದು ಕೇಳಿ ಧ್ವನಿಮತದಲ್ಲಿ ಮುಗಿಸಬಹುದಿತ್ತಲ್ಲ? ಸಾಮಾನ್ಯ ವಿಧೇಯಕವಾದರೆ ಹಾಗೆ ಮಾಡಬಹುದು. ಸಂವಿಧಾನ ತಿದ್ದುಪಡಿಗೆ ಆಗದು. ಎಲ್ಲರ ಒಪ್ಪಿಗೆ ಇದ್ದರೂ ಆ ಒಪ್ಪಿಗೆಯ ಸಂಖ್ಯೆ ಎಷ್ಟು ಎಂಬುದು ದಾಖಲಾಗಲೇಬೇಕು.

ಎರಡು ಶರತ್ತುಗಳು

ಮೊದಲು ಸಾಮಾನ್ಯ ವಿಧೇಯಕದ ಲೆಕ್ಕ. 2012ರಲ್ಲಿ ಲೋಕಸಭೆಯ ಬಲ 545 – ಚುನಾಯಿತರು 543, ನಾಮಕರಣಗೊಂಡವರು 2. ಸದನ ನಡೆಯಲು ಹತ್ತನೆಯ ಒಂದು ಭಾಗ, ಅಂದರೆ 55 ಮಂದಿ ಹಾಜರಿದ್ದರೆ ಕೋರಂ ಆಗುತ್ತದೆ. ಆ 55 ಮಂದಿಯೂ ಮತ ಹಾಕಿದರೆ 28 ಮತಗಳಲ್ಲಿ ಒಂದು ಸಾಮಾನ್ಯ ವಿಧೇಯಕ ಗೆಲ್ಲಬಲ್ಲದು! ಇದನ್ನು ಸರಳ ಬಹುಮತ ಎನ್ನುತ್ತಾರೆ. 1956ರಲ್ಲಿ ನಮ್ಮ ನಾಲ್ಕು ತಾಲ್ಲೂಕುಗಳನ್ನು ಒಂದು ರಾಜ್ಯದಿಂದ ಇನ್ನೊಂದಕ್ಕೆ ವರ್ಗಾಯಿಸಿದ ಕಾಯ್ದೆಗೂ ಸಂವಿಧಾನ ಕೇಳಿದ್ದು ಸರಳ ಬಹುಮತವನ್ನೇ. ರಾಜ್ಯಗಳ ಗಡಿ ಬದಲಿಸುವ ಕಾನೂನನ್ನು ಸಂವಿಧಾನ ತಿದ್ದುಪಡಿ ಎಂದು ಪರಿಗಣಿಸಬೇಕಿಲ್ಲ ಎಂದು 4ನೆಯ ವಿಧಿ ಹೇಳುತ್ತದೆ.

371(ಜೆ) ಸೇರಿಸುವುದು ಹಾಗಲ್ಲ. ಅದಕ್ಕೆ 368ನೆಯ ವಿಧಿಯ ವಿಶೇಷ ಬಹುಮತ ಬೇಕು. ಪ್ರತಿ ಸದನದಲ್ಲೂ ಎರಡು ಶರತ್ತುಗಳು ಒಟ್ಟಿಗೆ ಈಡೇರಬೇಕು.

ಶರತ್ತು 1: ಪರವಾದ ಮತಗಳು ಸದನದ ಒಟ್ಟು ಸದಸ್ಯಬಲದ ಅರ್ಧಕ್ಕಿಂತ ಹೆಚ್ಚಿರಬೇಕು.

ಶರತ್ತು 2: ಹಾಜರಿದ್ದು ಮತ ಹಾಕಿದವರಲ್ಲಿ ಮೂರನೇ ಎರಡು ಭಾಗಕ್ಕೆ ಕಡಿಮೆ ಇಲ್ಲದಷ್ಟು ಮಂದಿ ಪರವಾಗಿರಬೇಕು.

545ರ ಅರ್ಧ 272.5. ಆದ್ದರಿಂದ ಮೊದಲ ಶರತ್ತಿನಂತೆ ಕನಿಷ್ಠ 273 'ಹೌದು' ಬೇಕು. ಸ್ಥಾನಗಳು ಖಾಲಿ ಇದ್ದರೂ, ಸದಸ್ಯರು ಬರದಿದ್ದರೂ ಈ ಸಂಖ್ಯೆ ಇಳಿಯುವುದಿಲ್ಲ. ಎರಡನೆಯ ಶರತ್ತು ಮಾತ್ರ ಮತ ಹಾಕಿದವರ ಸಂಖ್ಯೆಯೊಂದಿಗೆ ಏರಿಳಿಯುತ್ತದೆ. ಕೆಲವು ಸಂಖ್ಯೆಗಳನ್ನು ಹಾಕಿ ನೋಡೋಣ.

ಮತ ಹಾಕಿದವರು 300: ಮೂರನೇ ಎರಡು ಭಾಗ 200, ಆದರೂ ಬೇಕಾದದ್ದು 273
ಮತ ಹಾಕಿದವರು 409: ಮೂರನೇ ಎರಡು ಭಾಗ 272.67, ಬೇಕಾದದ್ದು 273
ಮತ ಹಾಕಿದವರು 410: ಮೂರನೇ ಎರಡು ಭಾಗ 273.33, ಬೇಕಾದದ್ದು 274
ಮತ ಹಾಕಿದವರು 450: ಮೂರನೇ ಎರಡು ಭಾಗ 300, ಬೇಕಾದದ್ದು 300
ಮತ ಹಾಕಿದವರು 545: ಮೂರನೇ ಎರಡು ಭಾಗ 363.33, ಬೇಕಾದದ್ದು 364

ಇದನ್ನು ಒಂದು ನಕ್ಷೆಯಾಗಿ ಎಳೆಯಿರಿ. ಅಡ್ಡ ಅಕ್ಷದಲ್ಲಿ ಮತ ಹಾಕಿದವರ ಸಂಖ್ಯೆ, ಲಂಬ ಅಕ್ಷದಲ್ಲಿ ಬೇಕಾದ ಮತಗಳು. ಮೊದಲ ಶರತ್ತು 273ರ ಎತ್ತರದಲ್ಲಿ ಮಟ್ಟಸವಾದ ಗೆರೆ. ಎರಡನೆಯದು ಮೂಲಬಿಂದುವಿನಿಂದ ಏರುವ ಓರೆ ಗೆರೆ. 409ರವರೆಗೆ ಮಟ್ಟಸ ಗೆರೆಯ ಆಳ್ವಿಕೆ, 410ರಿಂದ ಮುಂದೆ ಓರೆ ಗೆರೆಯ ಆಳ್ವಿಕೆ. ಎರಡರಲ್ಲಿ ಯಾವುದು ಮೇಲಿದೆಯೋ ಅದನ್ನೇ ದಾಟಬೇಕು.

ಎರಡನೆಯ ಶರತ್ತನ್ನು ಇನ್ನೂ ಸರಳವಾಗಿ ಹೇಳಬಹುದು. 'ಹೌದು' ಮತಗಳು 'ಇಲ್ಲ' ಮತಗಳ ಎರಡರಷ್ಟಾದರೂ ಇರಬೇಕು. ಅಂದರೆ ಪ್ರತಿಯೊಂದು 'ಇಲ್ಲ'ವನ್ನೂ ಸರಿದೂಗಿಸಲು ಎರಡು 'ಹೌದು' ಬೇಕು. ವಿರೋಧದ ಮತ ಇಲ್ಲಿ ದುಪ್ಪಟ್ಟು ತೂಗುತ್ತದೆ.

ಈಗ ಗೈರುಹಾಜರಾದವರ ವಿಷಯಕ್ಕೆ ಬನ್ನಿ. ಎರಡನೆಯ ಶರತ್ತಿನಲ್ಲಿ ಅವರು ಲೆಕ್ಕಕ್ಕಿಲ್ಲ. ಮತ ಹಾಕದೆ ತಟಸ್ಥರಾಗಿ ಕುಳಿತವರೂ ಲೆಕ್ಕಕ್ಕಿಲ್ಲ. ಆದರೆ ಮೊದಲ ಶರತ್ತಿನಲ್ಲಿ ಅವರಿಬ್ಬರ ಪರಿಣಾಮವೂ 'ಇಲ್ಲ' ಎಂದವರದ್ದೇ. 272 ಮಂದಿ ಬಂದು ಎಲ್ಲರೂ 'ಹೌದು' ಎಂದು, ಒಬ್ಬರೂ 'ಇಲ್ಲ' ಎನ್ನದಿದ್ದರೂ ವಿಧೇಯಕ ಬಿದ್ದುಹೋಗುತ್ತದೆ! ಅದನ್ನು ಬೀಳಿಸಿದವರು ಯಾರು? ಬೆಂಬಲವಿದ್ದೂ ಬಾರದೆ ಉಳಿದವರು. ಡಿಸೆಂಬರ್ 18ರಂದು ವಿರೋಧಿಗಳ ಭಯವಿರಲಿಲ್ಲ. ಇದ್ದ ಅಪಾಯವೆಂದರೆ ಖಾಲಿ ಆಸನಗಳದ್ದು. ಕೊಪ್ಪಳ ಎಲ್ಲಿದೆ ಎಂದು ನಕ್ಷೆಯಲ್ಲಿ ಹುಡುಕಬೇಕಾದ ಅಸ್ಸಾಮಿನ ಸದಸ್ಯರೂ ಗುಜರಾತಿನ ಸದಸ್ಯರೂ ಬಂದು ಕುಳಿತು ಗುಂಡಿ ಒತ್ತಬೇಕಿತ್ತು. ಕರ್ನಾಟಕದ ಲೋಕಸಭಾ ಸದಸ್ಯರು 28 ಮಂದಿ. ಅವರೆಲ್ಲ ಬಂದರೂ ಉಳಿದ 245 ಮತಗಳು ಹೊರಗಿನಿಂದಲೇ ಬರಬೇಕು. ಒಂದು ಮೂಲೆಯ ನ್ಯಾಯಕ್ಕೆ ಇಡೀ ದೇಶದ ಹಾಜರಿ ಬೇಕು ಎಂಬುದು ಈ ನಿಯಮದ ಅರ್ಥ.

ಒಂದೇ ಮತದಿಂದ ಸೋತ ದಿನ

ಈ ಲೆಕ್ಕ ಪುಸ್ತಕದ ಬದನೆಕಾಯಿಯಲ್ಲ. ಅದರ ಬಿಸಿ ಎಷ್ಟೆಂದು ತಿಳಿಯಲು 1970ರ ಸೆಪ್ಟೆಂಬರ್ 5ಕ್ಕೆ ಹೋಗಬೇಕು. ಮಾಜಿ ರಾಜಮಹಾರಾಜರಿಗೆ ಸರ್ಕಾರ ಕೊಡುತ್ತಿದ್ದ ರಾಜಧನವನ್ನು ರದ್ದು ಮಾಡುವ ಸಂವಿಧಾನ ತಿದ್ದುಪಡಿ ವಿಧೇಯಕ ಆ ದಿನ ರಾಜ್ಯಸಭೆಯ ಮುಂದಿತ್ತು. ಅದು ಲೋಕಸಭೆಯಲ್ಲಿ ಆಗಲೇ ಗೆದ್ದಿತ್ತು. ಈ ವಿಷಯ ನಮಗೂ ದೂರದ್ದಲ್ಲ. ರಾಜಧನ ಪಡೆಯುತ್ತಿದ್ದವರಲ್ಲಿ ಹೈದರಾಬಾದಿನ ನಿಜಾಮರ ಮನೆತನ, ಮೈಸೂರಿನ ಒಡೆಯರ ಮನೆತನಗಳೂ ಇದ್ದವು.

ಮತ ಎಣಿಸಿದಾಗ ಪರವಾಗಿ 149, ವಿರುದ್ಧವಾಗಿ 75. ಮೊದಲ ಶರತ್ತು ಸುಲಭವಾಗಿ ದಾಟಿತು. ಎರಡನೆಯದು? ಒಟ್ಟು ಮತ 224. ಅದರ ಮೂರನೇ ಎರಡು ಭಾಗ 149.33. ಬಂದದ್ದು 149. ಕೊರತೆ ಒಂದು ಮತದ ಮೂರನೇ ಒಂದು ಭಾಗ! ಮನುಷ್ಯನನ್ನು ಮೂರು ತುಂಡು ಮಾಡಲಾಗದು, ಆದ್ದರಿಂದ ಇನ್ನೊಂದು ಪೂರ್ಣ ಮತ ಬೇಕಿತ್ತು. ನಮ್ಮ ಸರಳ ಸೂತ್ರದಿಂದಲೂ ನೋಡಿ: 75ರ ಎರಡರಷ್ಟು 150, ಬಂದದ್ದು 149. ವಿಧೇಯಕ ಬಿತ್ತು.

ಇಲ್ಲಿ ವಿದ್ಯಾರ್ಥಿಗಳಿಗೊಂದು ಪ್ರಶ್ನೆ. ವಿರೋಧಿಸಿದ 75 ಮಂದಿಯಲ್ಲಿ ಒಬ್ಬರು ಹೊರಗೆ ಚಹಾ ಕುಡಿಯಲು ಹೋಗಿದ್ದರೆ ಏನಾಗುತ್ತಿತ್ತು? 74ರ ಎರಡರಷ್ಟು 148. 149 ಸಾಕಾಗುತ್ತಿತ್ತು, ವಿಧೇಯಕ ಗೆಲ್ಲುತ್ತಿತ್ತು. ಮುಂದೆ 1971ರ 26ನೆಯ ತಿದ್ದುಪಡಿಯಿಂದ ರಾಜಧನ ರದ್ದಾಯಿತು. ಒಂದು ಮತದ ಕೊರತೆ ಆ ಸುಧಾರಣೆಯನ್ನು ಒಂದು ವರ್ಷಕ್ಕೂ ಹೆಚ್ಚು ಕಾಲ ಮುಂದಕ್ಕೆ ತಳ್ಳಿತು.

ಗಂಟೆ, ಗುಂಡಿ, ದೀಪ

ಮತ ಎಣಿಸುವ ಉಪಕರಣದ ಬಗೆಗೂ ಎರಡು ಮಾತು. ಹಿಂದೆ ಪರ ಮತ್ತು ವಿರುದ್ಧ ಇರುವ ಸದಸ್ಯರು ಎದ್ದು ಬೇರೆ ಬೇರೆ ಮೊಗಸಾಲೆಗಳಿಗೆ ನಡೆದುಹೋಗಬೇಕಿತ್ತು. ಅಲ್ಲಿ ಅವರ ಎಣಿಕೆ ನಡೆಯುತ್ತಿತ್ತು. 1957ರಲ್ಲಿ ಲೋಕಸಭೆಗೆ ಸ್ವಯಂಚಾಲಿತ ಮತ ದಾಖಲೆ ಯಂತ್ರ ಬಂದಿತು.

ಮತವಿಭಜನೆ ಎಂದು ಸ್ಪೀಕರ್ ಪ್ರಕಟಿಸಿದೊಡನೆ ಸಂಸತ್ ಭವನದ ತುಂಬ ಗಂಟೆಗಳು ಮೂರೂವರೆ ನಿಮಿಷ ಬಾರಿಸುತ್ತವೆ. ಗ್ರಂಥಾಲಯದಲ್ಲಿ, ಊಟದ ಕೋಣೆಯಲ್ಲಿ ಇರುವವರು ಅಷ್ಟರೊಳಗೆ ಒಳಬರಬೇಕು. ಅನಂತರ ಬಾಗಿಲು ಮುಚ್ಚುತ್ತದೆ. ಪ್ರತಿ ಆಸನದಲ್ಲೂ ಮೂರು ಗುಂಡಿಗಳು – ಹಸಿರು 'ಹೌದು', ಕೆಂಪು 'ಇಲ್ಲ', ಹಳದಿ 'ತಟಸ್ಥ'. ಇವಲ್ಲದೆ ಮತ ಆರಂಭಿಸುವ ಬೇರೊಂದು ಸ್ವಿಚ್ಚು. ಮೊದಲ ಜಾಗಟೆಯ ಸದ್ದು ಕೇಳಿದ ಮೇಲೆ ಆ ಸ್ವಿಚ್ಚನ್ನೂ ತಮಗೆ ಬೇಕಾದ ಗುಂಡಿಯನ್ನೂ ಏಕಕಾಲದಲ್ಲಿ ಒತ್ತಿಹಿಡಿಯಬೇಕು. ಹತ್ತು ಸೆಕೆಂಡಿನ ನಂತರ ಎರಡನೆಯ ಜಾಗಟೆಯ ಸದ್ದಾಗುವವರೆಗೂ ಕೈ ತೆಗೆಯುವಂತಿಲ್ಲ.

ಎರಡು ಕೈಗಳಿಗೂ ಕೆಲಸ ಏಕೆ? ಎರಡೂ ಕೈಗಳು ತನ್ನದೇ ಆಸನದಲ್ಲಿ ತೊಡಗಿದ್ದರೆ ಪಕ್ಕದ ಖಾಲಿ ಆಸನದ ಗುಂಡಿ ಒತ್ತಲಾಗದು. ಕಾರ್ಖಾನೆಯ ಒತ್ತು ಯಂತ್ರಗಳಲ್ಲಿ ಕಾರ್ಮಿಕರ ಕೈಗಳ ರಕ್ಷಣೆಗೆ ಇದೇ ತತ್ತ್ವವನ್ನು ಬಳಸುತ್ತಾರೆ. ತರ್ಕ ಮಂಡಲದ ಭಾಷೆಯಲ್ಲಿ ಇದು 'ಆ್ಯಂಡ್' ದ್ವಾರ. ಎರಡು ಸ್ವಿಚ್ಚುಗಳನ್ನು ಸರಣಿಯಲ್ಲಿ ಜೋಡಿಸಿ ಒಂದು ಪುಟ್ಟ ಬಲ್ಬನ್ನು ಉರಿಸಿದರೆ ಎಂಟನೆಯ ತರಗತಿಯ ಮಕ್ಕಳೂ ಇದನ್ನು ಮಾಡಿ ನೋಡಬಹುದು.

ಇಷ್ಟಾದರೂ ಫಲಿತಾಂಶ ಫಲಕದಲ್ಲಿ ಮೂಡಿದಾಗ ಸ್ಪೀಕರ್ ಅದನ್ನು 'ತಿದ್ದುಪಡಿಗೆ ಒಳಪಟ್ಟು' ಎಂದೇ ಪ್ರಕಟಿಸುತ್ತಾರೆ. ಗುಂಡಿ ಸರಿಯಾಗಿ ಒತ್ತದವರು, ತಪ್ಪು ಗುಂಡಿ ಒತ್ತಿದವರು ಚೀಟಿಯಲ್ಲಿ ತಮ್ಮ ಮತವನ್ನು ಬರೆದುಕೊಡುತ್ತಾರೆ. ಇದು ಉಪಕರಣದ ದೋಷಕ್ಕೆ ಮಾಡುವ ಪರಿಷ್ಕಾರ. ಇದರ ಪ್ರಮಾಣ ಎಷ್ಟಿರಬಹುದು? 2024ರ ಡಿಸೆಂಬರ್ 17ರಂದು, ಹೊಸ ಸಂಸತ್ ಭವನದಲ್ಲಿ, ಏಕಕಾಲಿಕ ಚುನಾವಣೆಯ ಕುರಿತ ಸಂವಿಧಾನ ತಿದ್ದುಪಡಿ ವಿಧೇಯಕದ ಮಂಡನೆಗೆ ಮತದಾನ ನಡೆದಾಗ ಯಂತ್ರ ತೋರಿಸಿದ್ದು ಪರ 220, ವಿರುದ್ಧ 149. ಚೀಟಿಗಳನ್ನು ಸೇರಿಸಿದ ಮೇಲೆ ಪರ 269, ವಿರುದ್ಧ 198. ಅಂದರೆ 98 ಮತಗಳ ವ್ಯತ್ಯಾಸ. ಮಂಡನೆಗೆ ಸರಳ ಬಹುಮತ ಸಾಕು, ಆದ್ದರಿಂದ ಅದು ಮಂಡನೆಯಾಯಿತು. ಅಂಗೀಕಾರದ ಮತವಾಗಿದ್ದರೆ 198 'ಇಲ್ಲ'ಗಳ ಎದುರು 396 'ಹೌದು' ಬೇಕಾಗುತ್ತಿತ್ತು. ವರ್ಷಕ್ಕೆ ಮುಂಚೆ, 2023ರ ಸೆಪ್ಟೆಂಬರ್ 20ರಂದು, ಮಹಿಳಾ ಮೀಸಲಾತಿಯ ತಿದ್ದುಪಡಿ ಲೋಕಸಭೆಯಲ್ಲಿ 454–2 ಮತಗಳಿಂದ ಅಂಗೀಕಾರವಾದಾಗ ಎಣಿಕೆ ನಡೆದದ್ದು ಚೀಟಿಗಳಿಂದಲೇ. ನಾಮಕರಣದ ಎರಡು ಸ್ಥಾನಗಳು 2020ರಲ್ಲಿ ಕೊನೆಗೊಂಡು ಲೋಕಸಭೆಯ ಬಲ 543ಕ್ಕೆ ಇಳಿದಿರುವುದರಿಂದ, ಇಂದು ಮೊದಲ ಶರತ್ತಿನ ಸಂಖ್ಯೆ 273 ಅಲ್ಲ, 272.

ಮತದ ನಂತರ

ಮತ್ತೆ 2012ಕ್ಕೆ ಬರೋಣ. ತಿದ್ದುಪಡಿ ವಿಧೇಯಕವೊಂದಕ್ಕೆ ಒಂದು ಸಲ ಮತ ಹಾಕಿದರೆ ಮುಗಿಯುವುದಿಲ್ಲ. ಪರಿಗಣಿಸಬೇಕೆಂಬ ಸೂಚನೆಗೆ, ಅದರ ಖಂಡಗಳಿಗೆ, ಕೊನೆಯಲ್ಲಿ ಅಂಗೀಕಾರಕ್ಕೆ – ಹೀಗೆ ಮತ್ತೆ ಮತ್ತೆ ವಿಶೇಷ ಬಹುಮತ ಸಿಗಬೇಕು. ಇವನ್ನೆಲ್ಲ ದಾಟಿ ವಿಧೇಯಕ ಲೋಕಸಭೆಯಲ್ಲಿ ಅಂಗೀಕಾರವಾಯಿತು. ಆ ವಾರ ಅಧಿವೇಶನ ಮುಗಿಯುವ ಮುನ್ನ ರಾಜ್ಯಸಭೆಯ ಒಪ್ಪಿಗೆಯೂ ದೊರೆಯಿತು. ರಾಷ್ಟ್ರಪತಿ ಪ್ರಣಬ್ ಮುಖರ್ಜಿಯವರು 2013ರ ಜನವರಿ 1ರಂದು ಅಂಕಿತ ಹಾಕಿದರು. 118ನೆಯ ವಿಧೇಯಕ 98ನೆಯ ತಿದ್ದುಪಡಿ ಕಾಯ್ದೆಯಾಯಿತು. ಸಂಖ್ಯೆ ಇಳಿದದ್ದು ಏಕೆಂದು ನೀವೀಗ ಊಹಿಸಬಲ್ಲಿರಿ. ಮಂಡನೆಯಾದ ಎಲ್ಲ ವಿಧೇಯಕಗಳೂ ದಡ ಸೇರುವುದಿಲ್ಲ.

2013ರ ಅಕ್ಟೋಬರ್ 1ರಿಂದ 371(ಜೆ) ಜಾರಿಗೆ ಬಂದಿತು. ಅದು ರಾಜ್ಯಪಾಲರಿಗೆ ವಿಶೇಷ ಹೊಣೆಯನ್ನು ಒಪ್ಪಿಸುತ್ತದೆ. ಈ ಭಾಗಕ್ಕೊಂದು ಪ್ರತ್ಯೇಕ ಅಭಿವೃದ್ಧಿ ಮಂಡಳಿ, ಅದರ ಕೆಲಸದ ಬಗ್ಗೆ ಪ್ರತಿವರ್ಷ ವಿಧಾನಸಭೆಗೆ ವರದಿ, ಹಣದ ನ್ಯಾಯವಾದ ಹಂಚಿಕೆ, ಹುಟ್ಟಿನಿಂದ ಅಥವಾ ವಾಸದಿಂದ ಈ ಭಾಗದವರಾದವರಿಗೆ ಶಿಕ್ಷಣ ಮತ್ತು ಉದ್ಯೋಗದಲ್ಲಿ ಪಾಲು – ಇವು ಅದರ ಸಾರ. ಅದರಡಿ ಹೊರಬಂದ ಆದೇಶದಂತೆ ಈ ಪ್ರದೇಶದ ಶಿಕ್ಷಣ ಸಂಸ್ಥೆಗಳಲ್ಲಿ ಸರ್ಕಾರ ತುಂಬುವ ಸೀಟುಗಳ ಪೈಕಿ ಶೇಕಡಾ 70, ರಾಜ್ಯದ ಉಳಿದೆಡೆಯ ಸಂಸ್ಥೆಗಳಲ್ಲಿ ಶೇಕಡಾ 8 ಸ್ಥಳೀಯರಿಗೆ ಮೀಸಲು. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳಗಳ ಜೊತೆಗೆ ಬಳ್ಳಾರಿ ಜಿಲ್ಲೆಯೂ ಇದರಲ್ಲಿ ಸೇರಿತು. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾದ ಮೇಲೆ ಇವು ಏಳು ಜಿಲ್ಲೆಗಳಾದವು. 2019ರಿಂದ ಈ ಭಾಗವನ್ನು ಕಲ್ಯಾಣ ಕರ್ನಾಟಕ ಎಂದು ಕರೆಯಲಾಗುತ್ತಿದೆ. 2015ರಲ್ಲಿ ಆರಂಭವಾದ ಕೊಪ್ಪಳ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಲ್ಲಿ ಯಲಬುರ್ಗಾದ ಒಣಭೂಮಿಯ ರೈತನ ಮಗಳೊಬ್ಬಳು ಬಿಳಿಯ ಕೋಟು ಧರಿಸಿ ನಡೆದಾಡುತ್ತಿದ್ದರೆ, ಆ ದಿನದ ಮತಗಳ ಪಾಲು ಅದರಲ್ಲಿರಬಹುದು.

ಆದರೆ ಸೀಟು ಎನ್ನುವುದು ಬಾಗಿಲು ಮಾತ್ರ. ಬಾಗಿಲಿನವರೆಗೆ ಮಗುವನ್ನು ಕರೆತರುವ ಕೆಲಸ ಊರಿನ ಪ್ರಾಥಮಿಕ ಶಾಲೆಯದು, ಅಲ್ಲಿಯ ವಿಜ್ಞಾನದ ಮೇಷ್ಟ್ರದು, ಪ್ರಯೋಗಾಲಯದ ಬೀರುವಿನದು. ಬೀರುವಿಗೆ ಬೀಗ ಹಾಕಿಟ್ಟು, ಶೇಕಡಾ 70ರ ಲೆಕ್ಕ ಹೇಳಿದರೆ ಪ್ರಯೋಜನವಿಲ್ಲ. ಔಷಧಿ ಕೊಟ್ಟ ವೈದ್ಯರು ಜ್ವರವನ್ನು ಮತ್ತೆ ಅಳೆಯುತ್ತಾರೆ. ಅಭಿವೃದ್ಧಿಯನ್ನೂ ಹಾಗೆಯೇ ತಾಲ್ಲೂಕುವಾರು ಮತ್ತೆ ಅಳೆಯಬೇಕು. ಪ್ರಾದೇಶಿಕ ಅಸಮತೋಲನದ ಮರು ಅಧ್ಯಯನಕ್ಕಾಗಿ 2024ರಲ್ಲಿ ರಾಜ್ಯ ಸರ್ಕಾರ ಪ್ರೊ. ಎಂ. ಗೋವಿಂದ ರಾವ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ರಚಿಸಿದ್ದು ಈ ದೃಷ್ಟಿಯಿಂದ ಸರಿಯಾದ ಹೆಜ್ಜೆ.

ತರಗತಿಯಲ್ಲಿ ಮಾಡಿ ನೋಡಿ

ಶಿಕ್ಷಕ ಮಿತ್ರರು ಈ ಲೆಕ್ಕವನ್ನು ತರಗತಿಯಲ್ಲೇ ಆಡಿಸಬಹುದು. 60 ವಿದ್ಯಾರ್ಥಿಗಳ ತರಗತಿ ಒಂದು ಸದನ ಎಂದುಕೊಳ್ಳಿ. ಅರ್ಧಕ್ಕಿಂತ ಹೆಚ್ಚು ಎಂದರೆ 31. ಮಕ್ಕಳಿಗೆ ಬೇಕಾದ ಒಂದು ವಿಷಯವನ್ನೇ 'ತಿದ್ದುಪಡಿ'ಯಾಗಿ ಮಂಡಿಸಲಿ – ವಾರಕ್ಕೆರಡು ಪ್ರಯೋಗದ ಅವಧಿ ಕಡ್ಡಾಯವಾಗಿ ನಡೆಯಬೇಕು ಎಂದಾಗಲಿ. ಪರ, ವಿರೋಧ ಚರ್ಚೆ ನಡೆಯಲಿ. ಅನಂತರ ಚೀಟಿಯಲ್ಲಿ ಮತ. ಮೊದಲ ಸಲ 36 ಮಂದಿಯನ್ನು ಮಾತ್ರ ಒಳಗಿಡಿ. 24 ಮತ ಬಂದರೆ ಮೂರನೇ ಎರಡು ಭಾಗ ಆಯಿತು. ಆದರೂ ಸಾಲದು, 31 ಬೇಕು. ಎರಡನೆಯ ಸಲ 48 ಮಂದಿ ಇರಲಿ. ಈಗ 32 ಬೇಕು. ಯಾವ ಸಂಖ್ಯೆಯಿಂದ ಆಚೆಗೆ ಎರಡನೆಯ ಶರತ್ತಿನ ಆಳ್ವಿಕೆ ಶುರುವಾಗುತ್ತದೆ ಎಂಬುದನ್ನು ಅವರೇ ನಕ್ಷೆ ಎಳೆದು ಕಂಡುಹಿಡಿಯಲಿ (ಉತ್ತರ: 47). ಕೊನೆಯಲ್ಲಿ ಅವರನ್ನು ಕೇಳಿ: ಮೊದಲ ಸಲ ತಿದ್ದುಪಡಿ ಬಿದ್ದದ್ದು ಯಾರಿಂದ?

ಮಕ್ಕಳು ಹೊರಗೆ ನಿಂತವರ ಕಡೆಗೆ ಕೈ ತೋರಿಸುತ್ತಾರೆ. ಆ ಕ್ಷಣದಲ್ಲಿ 368ನೆಯ ವಿಧಿ ಅವರಿಗೆ ಅರ್ಥವಾಗಿದೆ ಎಂದು ತಿಳಿಯಿರಿ. ಮುಂದೆ ಅವರು ಗ್ರಾಮಸಭೆಗೋ ಮತಗಟ್ಟೆಗೋ ಹೋಗಬೇಕಾದ ದಿನ ಮನೆಯಲ್ಲಿ ಕುಳಿತುಕೊಳ್ಳುವ ಮುನ್ನ, ತಾವು ಬಿಟ್ಟುಹೋಗುವ ಖಾಲಿ ಜಾಗವೂ ಲೆಕ್ಕಕ್ಕೆ ಬರುತ್ತದೆ ಎಂಬುದು ನೆನಪಾದರೆ ಈ ಪಾಠ ಸಾರ್ಥಕ.